ಬೆಡಿ ಬೇಕೋ ಬೇಡವೋ

ನಾನು ಹೊರಗಿನಿಂದ ಬಂದು ಚಪ್ಪಲಿ ಕಳಚುವುದರೊಳಗೆ ನನ್ನ ಹೆಂಡತಿ ಶಾರದೆ ಹತ್ತಿರ ಬಂದು ನನ್ನ ಅಂಗಿಯ ತೋಳನ್ನು ಒಮ್ಮೆ ಮೂಸಿ ನೋಡುತ್ತಾಳೆ. ನಮ್ಮ ಹೊಸ ನೆರೆಮನೆಯ ಹೆಂಗಸು ಬಾಗಿಲ ಸಂದಿಯಿಂದ ಇದನ್ನು ಕಂಡು, "ಈ ವಯಸ್ಸಿನಲ್ಲೂ ಎಷ್ಟು ಅನ್ಯೋನ್ಯ ನೋಡಿ" ಎಂದು ತನ್ನ ಗಂಡನಿಗೆ ಚುಚ್ಚಿದಳಂತೆ. ಪಾಪ, ಆ ಗಂಡ ನನ್ನನ್ನು ಕಂಡರೆ ಈಗ ಮುಖ ತಿರುಗಿಸುತ್ತಾನೆ. ಅವನಿಗೆ ಹೇಗೆ ಹೇಳಲಿ, ಅದು ಪ್ರೀತಿಯಲ್ಲ, ತಪಾಸಣೆ ಎಂದು? ನಾನು ಜನ್ಮದಲ್ಲಿ ಒಂದು ಬೀಡಿ ತುಟಿಗಿಟ್ಟವನಲ್ಲ. ಆದರೂ ನಮ್ಮ ಸಂಸಾರದ ಚರಿತ್ರೆಯಲ್ಲಿ ನಾನೊಬ್ಬ ಕಷ್ಟಪಟ್ಟು ಚಟ ಬಿಟ್ಟ ಬೀಡಿಗಾರ. ಚಟ ಬಿಡಿಸಿದ ಕೀರ್ತಿ ಅವಳದು. ಇದಕ್ಕೆಲ್ಲ ಕಾರಣ ಒಮಾನಿನ ಒಂದು ಪುಟ್ಟ ಪಿಸ್ತೂಲು ಎಂದರೆ ನೀವು ನಂಬಲಿಕ್ಕಿಲ್ಲ. ಶಾರದೆಯೇ ಇನ್ನೂ ಪೂರ್ತಿ ನಂಬಿಲ್ಲ.

ಮೊದಲು ನಿಮಗೆ ಒಂದು ಶಬ್ದದ ಪರಿಚಯ ಮಾಡಿಸಬೇಕು. ನಮ್ಮ ತುಳುವಿನಲ್ಲಿ ಬೆಡಿ ಎಂದರೆ ಕೋವಿ. ಕೋವಿಗೆ ತುಂಬುವ ಮದ್ದೂ ಬೆಡಿಯೇ, ಹಬ್ಬದ ದಿನ ಸಿಡಿಸುವ ಪಟಾಕಿಯೂ ಬೆಡಿಯೇ. ಸದ್ದು ಮಾಡಿ ಹೊಗೆ ಬಿಡುವ ಸಕಲ ಪದಾರ್ಥಗಳಿಗೂ ನಮ್ಮ ಹಿರಿಯರು ಒಂದೇ ಹೆಸರಿಟ್ಟು ಕೈತೊಳೆದುಕೊಂಡಿದ್ದಾರೆ. ಬ್ಯಾರಿ ಭಾಷೆಯಲ್ಲೂ ಅದು ಬೆಡಿಯೇ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಶಾರದೆಗೆ ಮಾತ್ರ ಈ ಶಬ್ದ ಗೊತ್ತಿರಲಿಲ್ಲ. ಅವಳ ಕಿವಿಗೆ ಅದು ಬೇಡಿಯಾಗಿಯೋ ಬೀಡಿಯಾಗಿಯೋ ಕೇಳಿಸಬೇಕಷ್ಟೆ.

ನಮ್ಮ ಮನೆಯಲ್ಲಿ ಒಂದು ಬೆಡಿ ಇತ್ತು. ಅದು ನನ್ನ ಅಮ್ಮನ ಅಣ್ಣ, ದೊಡ್ಡಮಾವನವರದು. ಅಳಿಯಕಟ್ಟಿನ ಮನೆಯಾದ್ದರಿಂದ ನಮ್ಮಲ್ಲಿ ಅಪ್ಪನಿಗಿಂತ ಮಾವನದೇ ಕಾರುಬಾರು. ಅದು ಕೇಪಿನ ಕೋವಿ. ನಳಿಗೆಗೆ ಮೇಲಿನಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜವೆಂಬ ಕಬ್ಬಿಣದ ಸರಳಿನಿಂದ ಜಡಿದು, ಸೀಸದ ಚಿಲ್ಲು ಹಾಕಿ, ಮತ್ತೆ ನಾರು ತುರುಕಿ, ಕೊನೆಗೆ ಹಿಂಬದಿಯಲ್ಲಿ ಒಂದು ಪುಟ್ಟ ಕೇಪು ಸಿಕ್ಕಿಸಬೇಕು. ಇಷ್ಟಾಗುವುದರೊಳಗೆ ಗದ್ದೆಗೆ ಇಳಿದ ಹಂದಿ ತನ್ನ ಊಟ ಮುಗಿಸಿ, ಮಕ್ಕಳನ್ನು ಕರೆದುಕೊಂಡು ಕಾಡಿಗೆ ಹೋಗಿರುತ್ತಿತ್ತು. ಆಮೇಲೆ ಮಾವ, ತುಂಬಿದ್ದನ್ನು ಹಾಗೇ ಇಡಬಾರದೆಂದು, ಆಕಾಶಕ್ಕೆ ಒಂದು ಈಡು ಹೊಡೆಯುತ್ತಿದ್ದರು. ಆ ಕೋವಿಯಿಂದ ಒಂದು ಹಂದಿ ಸತ್ತದ್ದನ್ನು ನಾನು ಕಂಡಿಲ್ಲ. ಆದರೆ ಶಬ್ದವೇನು ಸಾಮಾನ್ಯವೇ! ಮಾವನ ಈಡು ಕೇಳಿದ ಮೇಲೆಯೇ ನೆರೆಕರೆಯವರು ದೀಪ ಆರಿಸಿ ಮಲಗುತ್ತಿದ್ದರು ಎಂದು ಅಮ್ಮ ಹೇಳುತ್ತಿದ್ದಳು.

ನಮ್ಮ ಮಕ್ಕಳ ಪಾಲಿಗಿದ್ದದ್ದು ಚೌತಿಯ ಸಮಯದಲ್ಲಿ ಪೇಟೆಯಿಂದ ಬರುತ್ತಿದ್ದ ತಗಡಿನ ಪಿಸ್ತೂಲು ಮತ್ತು ಕೆಂಪು ಕಾಗದದ ಕೇಪಿನ ಸುರುಳಿ. ಆ ಪಿಸ್ತೂಲು ಯಾವ ಕಳ್ಳನಿಗೆ ಗುರಿಯಿಟ್ಟರೂ ಸರಿಯಾದ ಕ್ಷಣದಲ್ಲಿ ಸಿಡಿಯುತ್ತಿರಲಿಲ್ಲ. ಕಳ್ಳ ಪೊಲೀಸ್ ಆಟದಲ್ಲಿ ನಾವು ಬಾಯಿಯಲ್ಲೇ "ಠೋ" ಎನ್ನುತ್ತಿದ್ದೆವು. ಸುರುಳಿ ಸಿಕ್ಕಿಹಾಕಿಕೊಂಡ ಮೇಲೆ ಪಿಸ್ತೂಲನ್ನು ಎಸೆದು, ಕೇಪನ್ನು ಜಗಲಿಯ ಮೆಟ್ಟಿಲ ಮೇಲಿಟ್ಟು ಕಲ್ಲಿನಿಂದ ಕುಟ್ಟುವುದೇ ಹೆಚ್ಚು ಖಚಿತವಾದ ಮಾರ್ಗವಾಗಿತ್ತು. ಉಗುರಿಗೆ ಅಂಟಿದ ಆ ಗಂಧಕದ ವಾಸನೆಯನ್ನು ಊಟದ ತನಕ ಮೂಸುತ್ತ ಕುಳಿತುಕೊಳ್ಳುವುದು ನನ್ನ ಬಾಲ್ಯದ ದೊಡ್ಡ ಸುಖ.

ಮಾವನ ಕೋವಿ ಪೇಟೆ ಕಾಣುತ್ತಿದ್ದದ್ದು ಚುನಾವಣೆ ಬಂದಾಗ ಮಾತ್ರ. ಚುನಾವಣೆ ಘೋಷಣೆಯಾಯಿತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ತಂದಿಡಬೇಕು. ಮಾವ ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ಕಿಟಕಿಯ ಬದಿ ಕೂರಿಸಿಕೊಂಡು ಒಯ್ಯುತ್ತಿದ್ದರು. ಮತ ಎಣಿಕೆ ಮುಗಿಯುವ ತನಕ ಅವರಿಗೆ ಊಟ ಸೇರುತ್ತಿರಲಿಲ್ಲ. ಯಾರು ಗೆದ್ದರು ಎಂಬುದು ಅವರಿಗೆ ಬೇಕಿರಲಿಲ್ಲ, ಕೋವಿ ಯಾವಾಗ ಸಿಗುತ್ತದೆ ಎಂಬುದಷ್ಟೇ ಬೇಕಿತ್ತು. ಒಮ್ಮೆ ಹಾಗೆ ಬಿಡಿಸಿಕೊಂಡು ಬರುವಾಗ ಸಂತೋಷ ತಡೆಯಲಾರದೆ ಕಾರ್ಕಳದ ಒಂದು ಸ್ಟುಡಿಯೋ ಹೊಕ್ಕು ಕೋವಿಯೊಂದಿಗೆ ಫೋಟೋ ತೆಗೆಸಿಕೊಂಡರು. ತಲೆಗೆ ಮುಂಡಾಸು, ಕೈಯಲ್ಲಿ ಕೋವಿ, ಹಿಂದಿನ ಪರದೆಯಲ್ಲಿ ಕೊಳ, ಕೊಳದಲ್ಲಿ ಬಿಳಿ ಹಂಸಗಳು. ಇನ್ನೇನು ಹಂಸಗಳನ್ನು ಹೊಡೆದುಬಿಡುತ್ತಾರೋ ಎಂಬಂಥ ಮುಖಭಾವ. ನಾನು ಒಮಾನಿಗೆ ಹೊರಟಾಗ ದೇವರ ಪಟದೊಂದಿಗೆ ಈ ಫೋಟೋವನ್ನೂ ಅಮ್ಮ ಪೆಟ್ಟಿಗೆಗೆ ಹಾಕಿದಳು.

ಎಂಬತ್ತರ ದಶಕದ ಕೊನೆಯ ಭಾಗ. ನಾನು ಒಮಾನಿನ ಕಡಲ ಬದಿಯ ಊರಾದ ಸಹಮ್‌ನಲ್ಲಿ ಸಿಮೆಂಟು, ಪೈಪು, ಬಣ್ಣ ಮಾರುವ ಒಂದು ಅಂಗಡಿಯಲ್ಲಿ ಅಕೌಂಟೆಂಟ್. ಅಂಗಡಿಯ ಮೇಲೆಯೇ ನನ್ನ, ಶಾರದೆಯ ಮನೆ. ಯಜಮಾನ ಖಮೀಸ್, ಅರವತ್ತು ದಾಟಿದ ಒಮಾನಿ. ಕಾಗದಪತ್ರದಲ್ಲಿ ಅವರು ನನ್ನ ವೀಸಾಕ್ಕೆ ಹೊಣೆಯಾದ ಕಫೀಲ್, ಬಾಯಲ್ಲಿ ಎಲ್ಲರಿಗೂ ಅರಬಾಬ್, ಅಂದರೆ ಧಣಿ. ಅರಬ್ಬಿ ಬೆರೆತ ಹಿಂದಿಯಲ್ಲಿ ನಿಧಾನವಾಗಿ ಮಾತಾಡುತ್ತಿದ್ದರು. ಶೆಟ್ಟಿ ಎನ್ನಲು ಬಾರದೆ ನನ್ನನ್ನು ಶೇತಿ ಎನ್ನುತ್ತಿದ್ದರು. ಬೈಯುವುದಕ್ಕೆ ಬಾರದ ಮನುಷ್ಯ. ತೀರ ಸಿಟ್ಟು ಬಂದರೆ ಎದ್ದು ಹೋಗಿ ತಮ್ಮ ನಿಂಬೆ ತೋಟಕ್ಕೆ ನೀರು ಬಿಡುತ್ತಿದ್ದರು. ನಮ್ಮ ಅಂಗಡಿಯ ತಪ್ಪುಗಳಿಂದ ಆ ತೋಟ ಚೆನ್ನಾಗಿ ಬೆಳೆದಿತ್ತು.

ನನ್ನ ಮೇಜಿನ ಗಾಜಿನ ಅಡಿಯಲ್ಲಿ ಮಾವನ ಫೋಟೋ ಇಟ್ಟಿದ್ದೆ. ಒಂದು ದಿನ ಅರಬಾಬ್ ಅದನ್ನು ಕಂಡರು. ಯಾರೆಂದು ಕೇಳಿದರು. ಅಮ್ಮನ ಅಣ್ಣ ಎಂದೆ. ಅರಬ್ಬಿಯಲ್ಲಿ ಅದಕ್ಕೆ ಬೇರೆಯೇ ಶಬ್ದವಿದೆ, ಖಾಲ್. ನಮ್ಮ ತುಳುವಿನ ತಮ್ಮಲೆಗೆ ಸರಿಸಮ. ಇಂಗ್ಲಿಷಿನ ಅಂಕಲ್‌ನಲ್ಲಿ ಕಳೆದುಹೋಗಿದ್ದ ನನ್ನ ಮಾವ ಅರಬ್ಬಿಯಲ್ಲಿ ಸಿಕ್ಕಿಬಿಟ್ಟರಲ್ಲ ಎಂದು ನನಗೆ ಖುಷಿಯಾಯಿತು. ಆ ಖುಷಿಯಲ್ಲಿ, ನಮ್ಮಲ್ಲಿ ಮಾವನ ಸೊತ್ತು ಅಳಿಯನಿಗೆ ಬರುತ್ತದೆ ಎಂದೂ ವಿವರಿಸಿದೆ.

"ಹಾಗಾದರೆ ಈ ಕೋವಿ ನಿನ್ನದು!" ಎಂದರು ಅರಬಾಬ್.

ಲೆಕ್ಕದ ಪ್ರಕಾರ ಹೌದು ಎಂದೆ. ಆ ದಿನದಿಂದ ನನ್ನ ಬೆಲೆ ಏರಿತು. ಬಂದವರಿಗೆಲ್ಲ ಫೋಟೋ ತೋರಿಸಿ, ಇವನು ಬರಿಯ ಲೆಕ್ಕ ಬರೆಯುವವನಲ್ಲ, ಕೋವಿಯ ಕಬೀಲಾದವನು, ಆ ಕುಲದವನು ಎಂದು ಪರಿಚಯಿಸತೊಡಗಿದರು. ಹಂಸಗಳ ಬಗ್ಗೆ ಯಾರೂ ಕೇಳಲಿಲ್ಲ.

ಹೀಗಿರುವಾಗ ಅರಬಾಬರ ಮಗ ಹಮದ್‌ನ ಮದುವೆ ನಿಶ್ಚಯವಾಯಿತು. ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಮದುವೆಯ ದಿನ ನಗಾರಿಯೊಂದಿಗೆ ದಿಬ್ಬಣ ಕಡಲ ಬದಿಯ ಬಯಲಿಗೆ ಬಂದಾಗ ಮೊದಲ ಗುಂಡನ್ನು ಮದುಮಗನ ತಂದೆಯೇ ಸಮುದ್ರದ ಕಡೆಗೆ ಹಾರಿಸಬೇಕು. ಅವನಿಂದಾಗದಿದ್ದರೆ ಅವನ ತಮ್ಮ. ಈಗ ಇಂಥದ್ದೆಲ್ಲ ಬಹುಮಟ್ಟಿಗೆ ನಿಂತಿದೆಯಂತೆ, ನಿಂತದ್ದು ಒಳ್ಳೆಯದೇ ಆಯಿತು. ಆಗ ಅದಿಲ್ಲದೆ ಮದುವೆಯ ಶೋಭೆಯಿಲ್ಲ.

ಅರಬಾಬರಿಗೆ ಒಬ್ಬ ತಮ್ಮನಿದ್ದ, ಸಯೀದ್. ಬೆಟ್ಟಗಳಾಚೆ ದೂರದ ಬುರೈಮಿಯಲ್ಲಿ ದೊಡ್ಡ ವ್ಯಾಪಾರ. ಅಣ್ಣ ತಮ್ಮಂದಿರು ಜಗಳವಾಡಿದ್ದನ್ನು ನಾನು ನೋಡಿಲ್ಲ, ಆದರೆ ಇಬ್ಬರೂ ಒಂದು ಕಡೆ ಸೇರಿದರೆ ಉಳಿದವರಿಗೆ ಸುಖವಿರಲಿಲ್ಲ. ಯಾರ ಖರ್ಜೂರ ಸಿಹಿ, ಯಾರ ಪಿಕಪ್ಪು ಹೊಸದು, ಈದ್ ದಿನ ಯಾರ ಕೋವಿ ಮೊದಲು ಸಿಡಿಯಿತು, ಎಲ್ಲದಕ್ಕೂ ಪೈಪೋಟಿ. ಹಿಂದಿನ ಈದ್‌ನಲ್ಲಿ ಅರಬಾಬರ ಹಳೆಯ ಕೋವಿ ಕಚ್ಚಿಕೊಂಡು ಸಿಡಿಯದೆ ಹೋದಾಗ ಸಯೀದ್ ಇಡೀ ಬಯಲಿಗೆ ಕೇಳುವಂತೆ ನಕ್ಕಿದ್ದ. ಅರಬಾಬ್ ಅಂದು ಎರಡು ಸಲ ತೋಟಕ್ಕೆ ನೀರು ಬಿಟ್ಟರು.

ಒಂದು ಮಧ್ಯಾಹ್ನ ಅರಬಾಬ್ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಸಂಬಳ ಕಡಿತವೋ ಎಂದುಕೊಂಡೆ. ಅವರು ಬಲಗೈಯನ್ನು ಮೇಲೆತ್ತಲು ನೋಡಿದರು. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು.

"ಶೂಫ್, ನೋಡು ಶೇತಿ. ಇಷ್ಟೇ," ಎಂದರು.

ತೋಟದ ನೀರಿನ ಟ್ಯಾಂಕಿನ ಏಣಿಯಿಂದ ಬಿದ್ದದ್ದು ನಮಗೆಲ್ಲ ಗೊತ್ತಿತ್ತು. ಭುಜ ಸರಿಯಾಗಿಲ್ಲ ಎಂಬುದು ಗೊತ್ತಿರಲಿಲ್ಲ. ಭುಜಕ್ಕೆ ಕೋವಿ ಒತ್ತಿ ಹಾರಿಸಿದರೆ ಕೈ ಮತ್ತೆ ಕೆಲಸಕ್ಕೆ ಬರುವುದಿಲ್ಲ ಎಂದು ಸೊಹಾರ್‌ನ ಡಾಕ್ಟರು ಹೇಳಿದ್ದರಂತೆ.

"ಹಮದ್ ನನ್ನ ಒಬ್ಬನೇ ಮಗ. ಅವನ ಮದುವೆಗೆ ಸಯೀದ್ ಗುಂಡು ಹಾರಿಸಿದರೆ ನಾನು ಸತ್ತ ಹಾಗೆ. ಇನ್ನೂ ಬದುಕಿದ್ದೇನಲ್ಲ!"

ಹಾಗೆಂದು ಜೇಬಿನಿಂದ ಮಡಿಚಿದ ಬಣ್ಣದ ಕಾಗದವೊಂದನ್ನು ತೆಗೆದರು. ಅದರಲ್ಲಿ ಒಂದು ಪುಟ್ಟ ಪಿಸ್ತೂಲಿನ ಚಿತ್ರ. ಮಾರುಕಟ್ಟೆಗೆ ಆಗಷ್ಟೇ ಬಂದದ್ದು, ರಾಜಧಾನಿಯ ಬದಿಯ ಮತ್ರಾದಲ್ಲಿ ಪರವಾನಗಿ ಇದ್ದವರಿಗೆ ಕೋವಿ ಮಾರುವ ಒಬ್ಬ ವ್ಯಾಪಾರಿಯ ಅಂಗಡಿಗೆ ಬಂದಿದೆಯಂತೆ. ಟೂ-ಟೂ ಎನ್ನುವ ಸಣ್ಣ ತೋಟೆಯದು. ದೊಡ್ಡ ಕೋವಿಯ ತೋಟೆಯ ನಡುವಿಗೆ ಮೊಳೆ ಬಡಿಯಬೇಕು, ಇದಕ್ಕೆ ಅಂಚಿಗೆ ತಾಗಿದರೂ ಸಾಕು. ಹಗುರ, ಒದೆತವಿಲ್ಲ, ರಖೀಸ್ ಅಂದರೆ ಅಗ್ಗ. ಅಗ್ಗದ ಮಾತು ಬಂದಾಗ ಅರಬಾಬರ ಮುಖದಲ್ಲಿ ಸ್ವಲ್ಪ ಸಂಶಯವಿತ್ತು. ಹೊಸ ಮಾಲು, ಕಡಿಮೆ ಬೆಲೆ ಎರಡೂ ಒಟ್ಟಿಗೆ ಬಂದರೆ ಮುಟ್ಟಿ ನೋಡದೆ ತೆಗೆದುಕೊಳ್ಳಬಾರದು ಎಂಬುದು ಬಣ್ಣದ ಡಬ್ಬಿಗಳಿಂದ ಅವರು ಕಲಿತ ಪಾಠ.

"ನೀನು ಕೋವಿಯ ಮನೆಯವನು. ನೋಡಿ ಹೇಳು. ನೀನು ಜೈನ್ ಅಂದರೆ, ಚೆನ್ನಾಗಿದೆ ಅಂದರೆ, ತೆಗೆದುಕೊಳ್ಳುತ್ತೇನೆ. ಇಲ್ಲ ಅಂದರೆ ಖಲಾಸ್. ಆದರೆ ಭುಜದ ವಿಷಯ ಯಾರಿಗೂ ಗೊತ್ತಾಗಬಾರದು. ಸಯೀದ್‌ಗಂತೂ ಅಲ್ಲವೇ ಅಲ್ಲ."

ನಾನು ಏನು ಹೇಳಲಿ? ಕೇಪು ಕುಟ್ಟಿದ ಅನುಭವವೊಂದನ್ನು ಬಿಟ್ಟರೆ ನನಗೆ ಪಿಸ್ತೂಲಿನ ಗಂಧವಿರಲಿಲ್ಲ. ಹಾಗೆಂದು ಹೇಳಿಯೂ ಹೇಳಿದೆ. ಅರಬಾಬ್ ಅದನ್ನು ದೊಡ್ಡವರ ಮನೆಯವರ ವಿನಯ ಎಂದು ತಿಳಿದು ನನ್ನ ಬೆನ್ನು ತಟ್ಟಿದರು.

ಗುಟ್ಟು ಮೂರನೆಯವರಿಗೆ ತಿಳಿಯಲೇಬೇಕಾಯಿತು. ಅಂಗಡಿಯ ಪಿಕಪ್ಪು ಓಡಿಸುವವರು ಉಳ್ಳಾಲ ಕಡೆಯ ಹಸನಬ್ಬ. ನನಗಿಂತ ಹಿರಿಯರು, ತುಳು ಮಾತಾಡಲು ಒಬ್ಬ ಸಿಕ್ಕಿದನೆಂದು ನನ್ನ ಮೇಲೆ ಪ್ರಾಣವನ್ನೇ ಇಟ್ಟುಕೊಂಡವರು. ಗುಟ್ಟಿನ ವಿಷಯ ಹೇಳಿದ ಮೇಲೆ ಅವರು ಅದನ್ನು ಕಾಪಾಡಲು ಒಂದು ಉಪಾಯ ಕಂಡುಕೊಂಡರು. ಏನಿದ್ದರೂ ತುಳುವಿನಲ್ಲಿ ಮಾತಾಡಿದರಾಯಿತು, ಸಹಮ್‌ನಲ್ಲಿ ಯಾವ ಪೋಕನಿಗೆ ಅರ್ಥವಾಗುತ್ತದೆ? ಆ ಧೈರ್ಯದ ಮೇಲೆ ಗುರುವಾರ ಸಂಜೆ ಅವರು ಮೆಟ್ಟಿಲ ಕೆಳಗಿನಿಂದ ಊರಿಗೇ ಕೇಳುವಂತೆ ಕೂಗಿದರು.

"ಶೆಟ್ರೇ! ಎಲ್ಲೆ ಬೊಳ್ಪಾನಗನೇ ಪಿದಾಡೊಡುಗೆ! ಬೆಡಿ ತೂಯೆರೆ!"

ನಾಳೆ ಬೆಳಕು ಹರಿಯುವಾಗಲೇ ಹೊರಡಬೇಕಂತೆ, ಕೋವಿ ನೋಡಲಿಕ್ಕೆ ಎಂದರ್ಥ. ಒಳಗೆ ಚಪಾತಿ ಲಟ್ಟಿಸುತ್ತಿದ್ದ ಶಾರದೆ ಲಟ್ಟಣಿಗೆಯ ಸಮೇತ ಹೊರಗೆ ಬಂದಳು.

"ಏನ್ರೀ ಅದು ಬೀಡಿ?"

"ಬೀಡಿ ಅಲ್ಲ ಮಾರಾಯ್ತಿ."

"ಮತ್ತೇನು?"

ಅರಬಾಬರಿಗೆ ಕೊಟ್ಟ ಮಾತು ನೆನಪಾಯಿತು. ಅದಕ್ಕಿಂತ ಮುಖ್ಯವಾಗಿ, ಪರದೇಶದಲ್ಲಿ ಗಂಡ ಪಿಸ್ತೂಲು ನೋಡಲು ಹೊರಟಿದ್ದಾನೆಂದು ತಿಳಿದರೆ ಇವಳು ಅಂದೇ ಗಂಟುಮೂಟೆ ಕಟ್ಟುವುದು ಖಂಡಿತ. ನಾನು ಎರಡನ್ನೂ ತೂಗಿ ನೋಡಿ, "ಬೀಡಿಯೇ" ಎಂದೆ.

"ನಿಮ್ಮೂರಲ್ಲಿ ಮನೆಮನೇಲಿ ಬೀಡಿ ಕಟ್ತಾರೆ ಅಂತ ಗೊತ್ತಿತ್ತು. ಸೇದೋಕೆ ಶುಕ್ರವಾರ ಬೆಳಗ್ಗೆ ಎದ್ದು ಪಿಕಪ್ಪು ಹತ್ತಿ ಹೋಗ್ತಾರೆ ಅಂತ ಗೊತ್ತಿರ್ಲಿಲ್ಲ," ಎಂದು ಒಳಗೆ ಹೋದಳು. ಆ ರಾತ್ರಿಯ ಚಪಾತಿ ಹಪ್ಪಳದಂತಿತ್ತು. ನಾನು ಮುರಿದು ತಿಂದೆ.

ಮತ್ರಾದ ಸೂಕ್ ನಿಮಗೆ ಗೊತ್ತಿದ್ದರೆ ಸರಿ, ಗೊತ್ತಿಲ್ಲದಿದ್ದರೆ ನಮ್ಮ ಕಡೆಯ ಹಳೆಯ ಪೇಟೆಬೀದಿಗೆ ಮಾಡು ಹಾಕಿ ಲೋಬಾನದ ಹೊಗೆ ತುಂಬಿಸಿದಂತೆ ಎಂದುಕೊಳ್ಳಿ. ತಲೆಮಾರುಗಳಿಂದ ಅಲ್ಲೇ ಇರುವ ಗುಜರಾತಿ ವ್ಯಾಪಾರಿಗಳ ಬಟ್ಟೆ ಅಂಗಡಿಗಳನ್ನು ದಾಟಿ, ಇಬ್ಬರು ಎದುರುಬದುರಾದರೆ ಒಬ್ಬ ಗೋಡೆಗೆ ಅಂಟಿಕೊಳ್ಳಬೇಕಾದ ಓಣಿಯೊಂದರಲ್ಲಿ ಆ ಅಂಗಡಿಯಿತ್ತು. ಅಂಗಡಿಯ ಮುದುಕ ನಮಗೆ ಮೊದಲು ಕಾವಾ ಎಂಬ ಅರಬ್ಬಿ ಕಾಫಿ ಕೊಟ್ಟ, ಆಮೇಲೆ ಹಲ್ವಾ ಕೊಟ್ಟ, ಮಳೆಯ ಬಗ್ಗೆ ವಿಚಾರಿಸಿದ, ಕೊನೆಗೆ ಪೆಟ್ಟಿಗೆ ಬಿಚ್ಚಿದ.

ಪಿಸ್ತೂಲು ಅಂಗೈಯಲ್ಲಿ ಕೂರುವಷ್ಟಿತ್ತು. ಹಿಡಿಗೆ ಕಪ್ಪು ಪ್ಲಾಸ್ಟಿಕ್. ನನ್ನ ಚೌತಿಯ ಪಿಸ್ತೂಲಿನ ಅಣ್ಣನಂತೆ ಕಂಡಿತು. ಹಸನಬ್ಬ ನನ್ನ ಕಿವಿಯಲ್ಲಿ, "ಶೆಟ್ರೇ, ಇದಕ್ಕೆ ಬ್ಯಾಟರಿ ಎಲ್ಲಿ ಹಾಕುವುದು ಕೇಳಿ ಮಾರಾಯ್ರೆ," ಎಂದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಮಾವನ ಫೋಟೋದ ಮುಖಭಾವವನ್ನು ತಂದುಕೊಂಡು ಅದನ್ನು ಆಚೆ ಈಚೆ ತಿರುಗಿಸಿದೆ, ತೂಗಿದೆ, ಯಾಕೆಂದು ನನಗೇ ತಿಳಿಯದೆ ಒಮ್ಮೆ ಮೂಸಿದೆ. ಮೂಸಿದ್ದು ಮುದುಕನ ಮೇಲೆ ಬಹಳ ಪರಿಣಾಮ ಮಾಡಿತು. ಇವನು ತಿಳಿದವನು ಎಂಬಂತೆ ಅರಬಾಬರತ್ತ ತಲೆ ಆಡಿಸಿದ.

"ಶಬ್ದ ಹೇಗೆ?" ಎಂದೆ ನಾನು. ಬೆಡಿಯ ವಿಷಯದಲ್ಲಿ ತುಳುವನೊಬ್ಬನಿಗೆ ಹೊಳೆಯುವ ಮೊದಲ ಪ್ರಶ್ನೆಯೂ ಕೊನೆಯ ಪ್ರಶ್ನೆಯೂ ಅದೇ.

ಮುದುಕ ನಮ್ಮನ್ನು ಪೇಟೆಯ ಹೊರಗೆ, ಬೆಟ್ಟಗಳ ಹಿಂದೆ, ಗುಂಡು ಹಾರಿಸಲು ಅವನಿಗೆ ಅನುಮತಿಯಿದ್ದ ವಾದಿಯೆನ್ನುವ ಒಣ ಕಣಿವೆಯೊಂದಕ್ಕೆ ಕರೆದೊಯ್ದ. ಎರಡೂ ಕಡೆ ಸುಟ್ಟ ಬಣ್ಣದ ಬಂಡೆಗಳು ನೆಟ್ಟಗೆ ನಿಂತಿದ್ದವು. ಮೊದಲು ಅರಬಾಬ್ ಹಟ ಹಿಡಿದು ಮುದುಕನ ಬಳಿಯಿದ್ದ ದೊಡ್ಡ ಪಿಸ್ತೂಲಿನಿಂದ ಒಂದು ಗುಂಡು ಹೊಡೆದರು. ಹೊಡೆದವರೇ ಭುಜ ಹಿಡಿದುಕೊಂಡು ಕಲ್ಲಿನ ಮೇಲೆ ಕುಳಿತರು. ಕಣ್ಣಲ್ಲಿ ನೀರು ಬಂದಿತ್ತು. ನಾವು ಮೂವರೂ ಬೇರೆ ಕಡೆ ನೋಡಿದೆವು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಹೊಸ ಟೂ-ಟೂ ಕೈಗೆ ತೆಗೆದುಕೊಂಡು, ಕೈ ಎಷ್ಟು ಏಳುತ್ತದೋ ಅಷ್ಟೇ ಎತ್ತಿ, ಕುದುರೆ ಎಳೆದರು.

ಢಂ! ಎಂದಿತು. ಬಂಡೆಯಿಂದ ಬಂಡೆಗೆ ಬಡಿದು ಢಂ ಢಂ ಢಂ ಎಂದು ವಾದಿಯ ಕೊನೆಯ ತನಕ ಹೋಯಿತು. ಎಲ್ಲೋ ಮೇಯುತ್ತಿದ್ದ ಆಡುಗಳು ದಿಕ್ಕಾಪಾಲಾದವು. ಅರಬಾಬರ ಭುಜ ಅಲುಗಲಿಲ್ಲ. ಅವರು ತಿರುಗಿ ನಮ್ಮನ್ನು ನೋಡಿ ನಕ್ಕರು. ಏಣಿಯಿಂದ ಬಿದ್ದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ಜೈನ್! ವಾಜಿದ್ ಜೈನ್!" ಎಂದು ನಾನೂ ಕುಣಿದಾಡಿಬಿಟ್ಟೆ. ಇಷ್ಟು ಚಿಕ್ಕದರ ಹೊಟ್ಟೆಯಲ್ಲಿ ಇಷ್ಟು ದೊಡ್ಡ ಶಬ್ದ! ಮುದುಕ ಕೈಕುಲುಕಿದ. ಹಸನಬ್ಬ ಬ್ಯಾಟರಿಯ ಮಾತನ್ನು ಹಿಂದಕ್ಕೆ ತೆಗೆದುಕೊಂಡರು.

ಪಿಕಪ್ಪಿನ ಕಡೆಗೆ ನಡೆಯುವಾಗ ನನಗೆ ಏನೋ ಹೊಳೆಯಿತು. ಹಿಂದೆ ನೋಡಿದೆ, ಬಂಡೆಗಳು ನಿಂತಿದ್ದವು. ದೊಡ್ಡಮಾವನ ಕೋವಿ ನಮ್ಮ ಮನೆಯ ಹಿಂದಿನ ಪಾದೆಕಲ್ಲಿನ ದೊಡ್ಡ ಬಂಡೆಯ ಬುಡದಲ್ಲಿ ಸಿಡಿದರೆ ಊರೇ ನಡುಗುತ್ತಿತ್ತು. ಅದೇ ಕೋವಿಯನ್ನು ಒಮ್ಮೆ ಮುಲ್ಕಿಯ ನೆಂಟರ ಮನೆಗೆ ಒಯ್ದು ಕಡಲ ಕರೆಯಲ್ಲಿ ಹೊಡೆದಾಗ ಯಾರೋ ಕೆಮ್ಮಿದಂತೆ ಕೇಳಿ, ನೆಂಟರು ಇನ್ನು ಯಾವಾಗ ಹೊಡೆಯುತ್ತೀರಿ ಎಂದು ಕೇಳಿದ್ದರು. ಮಾವ ಊಟ ಮಾಡದೆ ಬಂದಿದ್ದರು. ಹಮದ್‌ನ ಮದುವೆ ನಡೆಯುವುದು ಕಡಲ ಬದಿಯ ಬಟ್ಟ ಬಯಲಿನಲ್ಲಿ. ಅಲ್ಲಿ ಬಂಡೆಯೆಲ್ಲಿ ಬಂತು? ಸಾಲದ್ದಕ್ಕೆ ನಗಾರಿಯ ಗದ್ದಲ ಬೇರೆ.

ಈಗ ಹೇಳಬೇಕೋ ಬೇಡವೋ? ಹೇಳಿದರೆ ಅರಬಾಬರ ಮುಖದಲ್ಲಿ ಆಗಷ್ಟೇ ಮೂಡಿದ ನಗು ನನ್ನ ಬಾಯಿಂದಲೇ ಅಳಿಸಿಹೋಗುತ್ತದೆ, ಮೊದಲ ಗುಂಡು ಸಯೀದ್‌ನ ಪಾಲಾಗುತ್ತದೆ. ಹೇಳದಿದ್ದರೆ ತುಂಬಿದ ಸಭೆಯಲ್ಲಿ ಟಪ್ ಎಂದು ಅವರ ಮರ್ಯಾದೆ ಹೋಗುತ್ತದೆ. ಅಂಗಡಿಗೆ ಮರಳಿ ಇನ್ನೊಂದು ಸುತ್ತು ಕಾವಾ ಬರುವ ತನಕ ಒದ್ದಾಡಿದೆ. ಕೊನೆಗೆ ಬಾಯಿ ಬಿಟ್ಟೆ.

"ಅರಬಾಬ್, ಆ ಶಬ್ದ ಪಿಸ್ತೂಲಿನದ್ದಲ್ಲ. ಬೆಟ್ಟದ್ದು. ಸಹಮ್‌ನಲ್ಲಿ ಇದು ಅಷ್ಟು ಕೂಗುವುದಿಲ್ಲ."

ಮುದುಕ ವ್ಯಾಪಾರಿ ನನ್ನನ್ನು ಸುಡುವಂತೆ ನೋಡಿದ. ಹಸನಬ್ಬ ಕೈಯಲ್ಲಿದ್ದ ಹಲ್ವಾವನ್ನು ಹಾಗೇ ಹಿಡಿದುಕೊಂಡರು. ಅರಬಾಬ್ ಪಿಸ್ತೂಲನ್ನು ಮಡಿಲಲ್ಲಿಟ್ಟುಕೊಂಡರು. ಎದ್ದು ತೋಟಕ್ಕೆ ಹೋಗೋಣವೆಂದರೆ ತೋಟ ದೂರವಿತ್ತು.

"ಶಬ್ದ ಬೆಟ್ಟದ್ದು," ಎಂದರು ಕೊನೆಗೆ. "ಬೆರಳು ನನ್ನದಲ್ಲವೇ?"

ಹಾಗೆಂದು ಪರವಾನಗಿಯ ಕಾಗದ ಹೊರಗೆ ತೆಗೆದರು. ನನ್ನ ಜೈನ್‌ಗೂ ಕಾಯಲಿಲ್ಲ, ನನ್ನ ಬೇಡಕ್ಕೂ ಕಾಯಲಿಲ್ಲ. ನನಗೆ ಆ ಕ್ಷಣ ಅವರ ಮೇಲೆ ಬಂದಷ್ಟು ಪ್ರೀತಿ ಸಂಬಳ ಹೆಚ್ಚಿಸಿದ ದಿನವೂ ಬಂದಿರಲಿಲ್ಲ.

ಮನೆಗೆ ಬಂದೆ. ಬಾಗಿಲಲ್ಲೇ ನಿಂತಿದ್ದ ಶಾರದೆ ನನ್ನ ತೋಳು ಹಿಡಿದು ಮೂಸಿದಳು. ಮದ್ದಿನ ಹೊಗೆ ಬಟ್ಟೆಗೆ ಹತ್ತಿತ್ತು.

"ಹೂಂ. ಒಂದೆರಡಲ್ಲ, ಕಟ್ಟುಗಟ್ಲೆ ಸೇದಿದೀರ!"

ನಾನು ತಲೆ ತಗ್ಗಿಸಿದೆ. ಇನ್ನು ಮುಟ್ಟುವುದಿಲ್ಲ ಎಂದು ದೇವರ ಪಟದ ಮುಂದೆ ನಿಲ್ಲಿಸಿ ಆಣೆ ಮಾಡಿಸಿದಳು. ಮಾಡದ ತಪ್ಪನ್ನು ಬಿಡುವುದು ಬಹಳ ಸುಲಭ. ಹಾಗೆ ನೋಡಿದರೆ ಅಷ್ಟು ಕಟ್ಟುನಿಟ್ಟಾಗಿ ನಾನು ಪಾಲಿಸಿದ ಆಣೆ ಬೇರೊಂದಿಲ್ಲ.

ವಿಷಯ ಅಷ್ಟಕ್ಕೇ ಮುಗಿದಿದ್ದರೆ ಈ ಪ್ರಬಂಧವೂ ಮುಗಿಯುತ್ತಿತ್ತು. ಮದುವೆಗೆ ಕೆಲವೇ ದಿನಗಳಿರುವಾಗ, ಸಾರಿಗೆ ಒಗ್ಗರಣೆ ಹಾಕುತ್ತ ಶಾರದೆ ಹೇಳಿದಳು, "ನಾನೇನು ಸುಮ್ನೆ ಬಿಡ್ಲಿಲ್ಲ. ಮರಿಯಮ್ ಅವ್ರ ಹತ್ರ ಹೇಳೇಬಿಟ್ಟೆ."

ಮರಿಯಮ್ ಎಂದರೆ ಅರಬಾಬರ ಹೆಂಡತಿ. ಮದುವೆಯ ತಯಾರಿಗೆಂದು ಶಾರದೆ ಅವರ ಮನೆಗೆ ಹೋಗಿಬರುತ್ತಿದ್ದಳು.

"ಏನು ಹೇಳಿದೆ?" ಎಂದೆ.

"ನಿಮ್ಮ ಯಜಮಾನ್ರು ನಮ್ಮ ಯಜಮಾನ್ರನ್ನ ಮತ್ರಾಗೆ ಕರ್ಕೊಂಡು ಹೋಗಿ ಬೀಡಿ ಸೇದಿಸ್ತಾರೆ, ಬಂದ್ರೆ ಅಂಗಿಯೆಲ್ಲ ಹೊಗೆ ವಾಸ್ನೆ, ಅದೂ ಪಟಾಕಿ ಹೊಡ್ದಂಗೆ ಘಾಟು ಅಂದೆ. ಹಿಂದೀಲಿ ಅರ್ಧ, ಕೈಸನ್ನೇಲಿ ಅರ್ಧ. ಆಯಮ್ಮ ಮೊದ್ಲು ಗಾಬ್ರಿಯಾದ್ರು, ಆಮೇಲೆ ಬಿದ್ದುಬಿದ್ದು ನಕ್ರು ಕಣ್ರೀ. ನಗ್ತಾ ನಗ್ತಾ ಯಾಕೋ ಬಲಗಡೆ ಭುಜ ಮುಟ್ಕೊಂಡು ಕಣ್ಣು ಒರೆಸ್ಕೊಂಡ್ರು. ಯಾಕಿರ್ಬೋದು?"

ಯಾಕೆಂದು ನನಗೆ ಗೊತ್ತಿತ್ತು. ಆ ಮಹಾತಾಯಿ ಬೀಡಿಯ ಹೊಗೆಯ ಹಿಂದಿದ್ದ ಬೆಡಿಯನ್ನು ಕಂಡುಬಿಟ್ಟಿದ್ದರು. ಅಷ್ಟಾದರೆ ಚಿಂತೆಯಿಲ್ಲ, ಗಂಡನ ಭುಜದ ನೋವು ಹೆಂಡತಿಗೆ ಗೊತ್ತಿರಲೇಬೇಕು. ಆದರೆ ಆ ಮನೆಯಲ್ಲಿ ಅಣ್ಣ ತಮ್ಮಂದಿರು ಮದುವೆಯಾಗಿದ್ದದ್ದು ಅಕ್ಕ ತಂಗಿಯರನ್ನು! ಮರಿಯಮ್‌ಗೆ ತಿಳಿದದ್ದು ಅವರ ತಂಗಿಗೆ ತಿಳಿಯದಿರುವುದುಂಟೇ? ತಂಗಿಗೆ ತಿಳಿದದ್ದು ಸಯೀದ್‌ಗೆ? ನಾನು ಓಡಿಹೋಗಿ ಹಸನಬ್ಬರಿಗೆ ಹೇಳಿದೆ. ಅವರು ಪಿಕಪ್ಪಿನ ಅಡಿಯಿಂದ ತಲೆ ಹೊರಗೆ ಹಾಕಿ, "ಹೋಯ್ತು ಶೆಟ್ರೇ. ಮದುವೆಗೆ ಮೊದಲೇ ಬೆಡಿ ಪೊಟ್ಟುಂಡು," ಎಂದರು. ಸಿಡಿಯಿತು ಎಂದರ್ಥ. ಅರಬಾಬರಿಗೆ ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಅವರು ಆ ದಿನಗಳಲ್ಲಿ ಬಹಳ ಹರ್ಷದಲ್ಲಿದ್ದರು.

ಮದುವೆಯ ದಿನ ಅಸರ್ ನಮಾಜು ಮುಗಿದು ಬಿಸಿಲು ಇಳಿಯುವ ಹೊತ್ತಿಗೆ ದಿಬ್ಬಣ ಬಯಲಿಗೆ ಬಂತು. ದೋಣಿಗಳನ್ನೆಲ್ಲ ದಡಕ್ಕೆ ಎಳೆದಿದ್ದರು. ನಗಾರಿಯವರು ಜೀವ ಬಿಟ್ಟು ಬಾರಿಸುತ್ತಿದ್ದರು, ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಬಿಳಿ ದಿಶ್‌ದಾಶ ನಿಲುವಂಗಿಗಳ ಸಾಲಿನ ಮುಂದೆಯೇ ಸಯೀದ್ ನಿಂತಿದ್ದ. ಎತ್ತರದ ಆಳು, ಸೊಂಟದಲ್ಲಿ ಬೆಳ್ಳಿಯ ಖಂಜರ್, ಕೈಯಲ್ಲಿ ಹೊಳೆಯುವ ಉದ್ದನೆಯ ಕೋವಿ. ಅದರ ಬಾಯಿ ಆಗಲೇ ಸಮುದ್ರದತ್ತ ಇತ್ತು. ಅರಬಾಬ್ ಮುಂದೆ ಬಂದು ಪುಟ್ಟ ಪಿಸ್ತೂಲನ್ನು ಹೊರಗೆ ತೆಗೆದರು. ಅಷ್ಟು ದೊಡ್ಡ ಬಯಲಿನಲ್ಲಿ, ಅಷ್ಟು ಕೋವಿಗಳ ನಡುವೆ ಅದು ಇನ್ನೂ ಚಿಕ್ಕದಾಗಿ ಕಂಡಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಅಂಗಡಿಯಲ್ಲೇ ಬೇಡ ಎಂದು ಗಟ್ಟಿಯಾಗಿ ಹೇಳಬೇಕಿತ್ತು, ಈಗ ಈ ಮುದುಕರನ್ನು ಯಾರು ಕಾಪಾಡುತ್ತಾರೆ ಎಂದು ನನಗೆ ಅಳು ಬರುವಂತಾಯಿತು. ಅರಬಾಬ್ ಕೈ ಎತ್ತಿದರು. ಅದು ಎದೆಯ ಮಟ್ಟಕ್ಕೆ ಬಂದು, ಅಲ್ಲಿಂದ ಮೇಲೇರದೆ ನಡುಗತೊಡಗಿತು. ಅದೇ ಹೊತ್ತಿಗೆ ಸಯೀದ್ ತನ್ನ ಕೋವಿಯನ್ನು ಎತ್ತಿದ. ಮುಗಿಯಿತು ಎಂದು ಹಸನಬ್ಬ ಕಣ್ಣು ಮುಚ್ಚಿಕೊಂಡರು.

ಸಯೀದ್ ಕೋವಿಯನ್ನು ನಗಾರಿಯವರ ಕಡೆಗೆ ಆಡಿಸಿ, "ಬಸ್! ಖಲಾಸ್!" ಎಂದು ಗುಡುಗಿದ. ನಗಾರಿಗಳು ಒಂದೊಂದಾಗಿ ನಿಂತವು. ನಗುತ್ತಿದ್ದವನ ನಗುವೂ ನಿಂತಿತು. ಇಡೀ ಬಯಲು ಎಷ್ಟು ಸುಮ್ಮನಾಯಿತೆಂದರೆ ಅಲೆ ಮರಳನ್ನು ಎಳೆದುಕೊಂಡು ಹಿಂದೆ ಸರಿಯುವುದು ಕೇಳಿಸತೊಡಗಿತು. ಸಯೀದ್ ತನ್ನ ಕೋವಿಯನ್ನು ಪಕ್ಕದವನ ಕೈಗೆ ಕೊಟ್ಟ. ಅಣ್ಣನ ಹತ್ತಿರ ಬಂದು, ಅವರ ಮೊಣಕೈಯ ಅಡಿಗೆ ತನ್ನ ಅಂಗೈ ಇಟ್ಟು ಮೆಲ್ಲಗೆ ಮೇಲೆತ್ತಿ ಹಿಡಿದ. ನಡುಕ ನಿಂತಿತು.

ಟಪ್.

ಅಷ್ಟೇ. ಒಣ ಕಡ್ಡಿ ಮುರಿದಷ್ಟು. ಆದರೆ ಆ ಬಯಲಿನಲ್ಲಿ ಅದನ್ನು ಕೇಳದವರು ಒಬ್ಬರೂ ಇರಲಿಲ್ಲ. ಹೆಂಗಸರ ಕಡೆಯಿಂದ ಉಲಿ ಎದ್ದಿತು, ಹಮದ್ ಓಡಿಬಂದು ತಂದೆಯ ಹಣೆಗೆ ಮುತ್ತಿಟ್ಟ. ಅರಬಾಬ್ ಪಿಸ್ತೂಲನ್ನು ಇನ್ನೂ ಹಾಗೇ ಹಿಡಿದುಕೊಂಡು, ಸಂಶಯದಿಂದ ತಮ್ಮನ ಕಡೆ ತಿರುಗಿದರು.

"ಕೇಳಿಸಿತೇ?"

ಸಯೀದ್ ಅಣ್ಣನ ಮೊಣಕೈಯನ್ನು ಬಿಟ್ಟಿರಲಿಲ್ಲ.

"ಬುರೈಮಿಯ ತನಕ ಕೇಳಿಸಿತು," ಎಂದ.